ಕುಂಡದ ಮಣ್ಣಿಗೆ ಬೂಷ್ಟು: ಯಾವುದಕ್ಕೆ ಹೆದರಬೇಕು, ಯಾವುದನ್ನು ಹಾಗೇ ಬಿಡಬಹುದು

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜಗಲಿ ಅಂಚಿನ ಕುಂಡಗಳಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಸಗಣಿ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಹುಡಿ), ದರಗು (ಉದುರಿದ ಒಣ ಎಲೆ), ಬೇವಿನ ಹಿಂಡಿ ಸೇರಿಸಿ ಮನೆಯಲ್ಲೇ ಕಲಸಿದ ಮಣ್ಣಿಗೆ ಇದು ಎಲ್ಲಕ್ಕಿಂತ ಮೊದಲು ಬರುತ್ತದೆ, ಏಕೆಂದರೆ ಬೂಷ್ಟಿಗೆ ಬೇಕಾದ ಆಹಾರವೆಲ್ಲ ಅದರಲ್ಲೇ ಇದೆ. ಗಾಬರಿಯಿಂದ ಇಡೀ ಮಣ್ಣನ್ನೇ ಚೆಲ್ಲುವವರಿದ್ದಾರೆ, ಅಂಗಡಿಯವರು ಕೊಟ್ಟ ಔಷಧಿಯನ್ನು ಅಳತೆಯಿಲ್ಲದೆ ಸುರಿಯುವವರೂ ಇದ್ದಾರೆ. ಹೆಚ್ಚಿನ ಸಲ ಎರಡೂ ಬೇಕಾಗಿರುವುದಿಲ್ಲ. ಕಣ್ಣಿಗೆ ಢಾಳಾಗಿ ಕಾಣುವ ಬೂಷ್ಟು ಸಾಮಾನ್ಯವಾಗಿ ಸತ್ತ ಎಲೆ, ನಾರು, ಹಿಂಡಿ ತಿಂದು ಬದುಕುತ್ತದೆ. ಜೀವ ಇರುವ ಬೇರಿನ ತಂಟೆಗೆ ಹೋಗುವುದಿಲ್ಲ. ಸಸಿ ಕೊಲ್ಲುವ ಶಿಲೀಂಧ್ರಗಳಲ್ಲಿ ಬಹುಪಾಲು ಮಣ್ಣಿನ ಮೇಲೆ ಕಾಣಿಸುವುದೇ ಇಲ್ಲ. ಹಾಗಾಗಿ ಮೊದಲು ಗಿಡ ನೋಡಿ, ಮಣ್ಣು ಆಮೇಲೆ.

ಯಾವ ಬೂಷ್ಟೇ ಇರಲಿ, ಮೊದಲು ಮಾಡುವ ಪರೀಕ್ಷೆ

ಇದಕ್ಕೆ ಕಾಸು ಖರ್ಚಿಲ್ಲ, ಐದು ನಿಮಿಷ ಸಾಕು.

ಕಾಂಡ ಮಣ್ಣು ಸೇರುವ ಜಾಗವನ್ನು ಬೆರಳಿನಿಂದ ಒತ್ತಿ. ಗಟ್ಟಿಯಾಗಿದ್ದರೆ, ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಗಿಡಕ್ಕೆ ಸದ್ಯ ಏನೂ ಆಗಿಲ್ಲ. ಅಲ್ಲಿ ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿ, ನೀರು ತುಂಬಿದಂತೆ ಕಂಡರೆ ನಡುವಿನದನ್ನೆಲ್ಲ ಬಿಟ್ಟು ಸಸಿ ಕುಸಿಯುವ ಭಾಗಕ್ಕೆ ಹೋಗಿ.

ಎರಡು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ತೇವ ವಿಪರೀತವಾಗಿದೆ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆದರೆ ಹದ ಸರಿ.

ಕುಂಡ ಎತ್ತಿ ತಳದ ತೂತು ನೋಡಿ. ಬೇರು, ಕೊಕೊಪೀಟಿನ ಉಂಡೆ, ಇಲ್ಲವೇ ಕೆಳಗಿನ ಅಂಗಳದ ಪಾಚಿಯಿಂದ ತೂತು ಕಟ್ಟಿಕೊಂಡಿರುವುದು ಮಳೆಗಾಲದಲ್ಲಿ ತೀರಾ ಸಾಮಾನ್ಯ. ಒಂದು ಕಡ್ಡಿಯಲ್ಲಿ ಬಿಡಿಸಿ, ಕುಂಡದ ಕೆಳಗೆ ಎರಡು ಇಟ್ಟಿಗೆ ತುಂಡು ಕೊಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಮಳೆ ಮುಗಿಯುವವರೆಗೆ ತಟ್ಟೆ ಇಡಬೇಡಿ. ಎಷ್ಟೋ ಮನೆಗಳಲ್ಲಿ ಬೂಷ್ಟಿನ ತಕರಾರು ಇಷ್ಟಕ್ಕೇ ನಿಲ್ಲುತ್ತದೆ.

ಕೊನೆಗೆ ವಾಸನೆ. ಬೂಷ್ಟಿರುವ ಮೇಲ್ಪದರಕ್ಕೆ ಮೂಗು ಹಿಡಿಯಬೇಡಿ. ನಾಲ್ಕು ಇಂಚು ಕೆಳಗಿನ ಮಣ್ಣು ತೆಗೆದು, ಸ್ವಲ್ಪ ದೂರ ಹಿಡಿದು ನೋಡಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಒಳ್ಳೆಯದು. ಹುಳಿ ನಾತ ಅಥವಾ ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಾಡದೆ ಒಳಗೆ ಕೊಳೆಯುತ್ತಿದೆ.

ಮೇಲೆ ಬಿಳಿ ಹತ್ತಿಯಂಥ ಪದರ, ಗಿಡ ಮಾತ್ರ ಚೆನ್ನಾಗಿದೆ

ಎಲ್ಲರೂ ಕೇಳುವುದು ಇದನ್ನೇ. ಗಿಡ ಗಟ್ಟಿಯಾಗಿದ್ದು ಎಲೆ ಹಸಿರಾಗಿದ್ದರೆ ಇದು ಗೊಬ್ಬರ ಕಳಿಸುವ ಶಿಲೀಂಧ್ರದ ನೂಲು. ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿಯನ್ನು ಮಣ್ಣಿನೊಳಗೆ ಸೇರಿಸದೆ ಮೇಲೆ ಉದುರಿಸಿದಾಗ ಎರಡೇ ದಿನದಲ್ಲಿ ಬರುತ್ತದೆ. ಅರೆಬರೆ ಕಳಿತ ಅಡಿಕೆ ಸಿಪ್ಪೆ, ತೆಂಗಿನ ನಾರು ಹಾಕಿದಲ್ಲಿಯೂ ಅಷ್ಟೇ.

ಕೈಗವಸು ಹಾಕಿ, ಮೇಲಿನ ಒಂದಿಂಚು ಮಣ್ಣನ್ನು ಕಡ್ಡಿಯಿಂದ ಕೆದಕಿ ಒಳಗೆ ಸೇರಿಸಿ. ಪದರ ದಪ್ಪವಾಗಿದ್ದರೆ ಕೆರೆದು ಗೊಬ್ಬರದ ಗುಂಡಿಗೆ ಹಾಕಿ, ಆ ಜಾಗಕ್ಕೆ ಒಣ ಕೆಮ್ಮಣ್ಣು ಅಥವಾ ಸುಟ್ಟ ಉಮಿ ಹರಡಿ. ಕುಂಡಗಳ ನಡುವೆ ಒಂದು ಗೇಣು ಅಂತರ ಬಿಡಿ. ಮೇಲಿನ ಒಂದಿಂಚು ಒಣಗುವವರೆಗೆ ನೀರು ಹಾಕಬೇಡಿ. ಆಗುಂಬೆಯಂಥ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗದಲ್ಲಿ ಸೂರಿನಡಿಯ ಕುಂಡಕ್ಕೂ ಜುಲೈ ತಿಂಗಳಲ್ಲಿ ನೀರೇ ಬೇಡವಾಗಬಹುದು. "ಬಿಸಿಲಿಗೆ ಇಡಿ" ಎಂದು ಬಯಲುಸೀಮೆಯವರು ಹೇಳುವ ಉಪಾಯ ಇಲ್ಲಿ ಆ ತಿಂಗಳು ನಡೆಯುವುದಿಲ್ಲ. ಸಿಗುವುದು ಗಾಳಿ ಮಾತ್ರ, ಅದನ್ನೇ ಬಳಸಬೇಕು. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆ ನಡುನಡುವೆ ಹೊಳವಾಗುತ್ತದೆ, ಅಲ್ಲಿನವರು ಆ ಹೊತ್ತು ಕುಂಡ ಹೊರಗಿಡಬಹುದು.

ಇದರಲ್ಲಿ ಒಂದೇ ಒಂದು ನಿಜವಾದ ತೊಂದರೆ ಇದೆ. ನೂಲು ಒತ್ತಾಗಿ ಹೆಣೆದುಕೊಂಡ ಮಣ್ಣು ಒಮ್ಮೆ ಒಣಗಿದರೆ ನೀರನ್ನೇ ಹೀರುವುದಿಲ್ಲ. ಹಾಕಿದ ನೀರು ಅಂಚಿನಿಂದ ಇಳಿದು ಹೋಗುತ್ತದೆ, ನಡುವಿನ ಮಣ್ಣು ಒಣಗೇ ಉಳಿಯುತ್ತದೆ. ನೀರು ಹಾಕಿದರೂ ಗಿಡ ಬಾಡುತ್ತಿದ್ದರೆ ನಡುವಿನಲ್ಲಿ ಕಡ್ಡಿ ಚುಚ್ಚಿ ನೋಡಿ. ಒಣಗಿದ್ದರೆ ಮೇಲಿನ ಮೂರು ಇಂಚು ಒಡೆದು, ಕುಂಡವನ್ನು ಅರ್ಧ ಗಂಟೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತೆಗೆಯಿರಿ.

ದಾಲ್ಚಿನ್ನಿ ಪುಡಿ, ಅರಿಸಿನ ಉದುರಿಸಿದರೆ ಮೇಲ್ಪದರದ ಬೂಷ್ಟು ನಾಲ್ಕು ದಿನ ಹಿಂದೆ ಸರಿಯಬಹುದು, ತೇವ ಹಾಗೇ ಇದ್ದರೆ ತಿರುಗಿ ಬರುತ್ತದೆ. ಅಡುಗೆ ಸೋಡಾ ಬೇಡವೇ ಬೇಡ. ಅದರ ಸೋಡಿಯಂ ಕುಂಡದಲ್ಲೇ ಉಳಿದು ಬೇರಿಗೆ ಕೆಡುಕು ಮಾಡುತ್ತದೆ. ಬಚ್ಚಲ ಒಲೆಯ ಬೂದಿ ನಮ್ಮ ಹುಳಿ ಮಣ್ಣಿಗೆ ಒಳ್ಳೆಯದೇ, ಆದರೆ ಹತ್ತು ಇಂಚಿನ ಕುಂಡಕ್ಕೆ ಒಂದು ಚಮಚ ದಾಟಬಾರದು.

ಬಿಳಿ ಇದೆ, ಆದರೆ ಬೂಷ್ಟಲ್ಲ

ಬೆರಳಿಗೆ ಗರಗರ ಅನ್ನಿಸುವ, ಕುಂಡದ ಹೊರಮೈಗೂ ಹತ್ತಿದ ಬಿಳಿ ಹೊರಪದರ ಬೋರ್‌ವೆಲ್ ನೀರಿನ ಅಥವಾ ಗೊಬ್ಬರದ ಉಪ್ಪು. ಎರಡು ಹನಿ ನಿಂಬೆರಸ ಬಿಟ್ಟಾಗ ನೊರೆ ಬಂದರೆ ಸುಣ್ಣದ ಅಂಶ. ಕೆರೆದು ತೆಗೆದು, ಮಳೆನೀರು ಹಾಯಿಸಿದರೆ ಮುಗಿಯಿತು.

ಗೊಬ್ಬರದ ರಾಶಿಯೊಳಗೆ ಬಿಸಿಯಿರುವ ಕಡೆ ಬೂದಿ ಚಿಮುಕಿಸಿದ ಹಾಗೆ ಬೂದು ಬಿಳುಪು ಕಾಣುವುದು ಆಕ್ಟಿನೊಮೈಸಿಟ್ಸ್ ಎಂಬ ಬ್ಯಾಕ್ಟೀರಿಯಾ. ಮಣ್ಣಿನ ಆ ಹಿತವಾದ ವಾಸನೆ ಅವುಗಳದ್ದೇ. ಗೊಬ್ಬರ ಸರಿಯಾಗಿ ಕಳಿಯುತ್ತಿದೆ ಎಂದು ತಿಳಿಯಿರಿ.

ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗಿಡ ಕಾರಣವಿಲ್ಲದೆ ಹಳದಿಯಾಗಿ ಸೊರಗುತ್ತಿದ್ದರೆ ಕುಂಡದಿಂದ ಬೇರಿನ ಗಡ್ಡೆ ಸಮೇತ ಜಾರಿಸಿ ತೆಗೆಯಿರಿ. ಬೇರಿಗೆ, ಕುಂಡದ ಒಳಗೋಡೆಗೆ ಅಲ್ಲಲ್ಲಿ ಬಿಳಿ ಹತ್ತಿಯ ತುಣುಕು ಅಂಟಿದ್ದರೆ ಒಂದನ್ನು ಉಗುರಿನಿಂದ ಒತ್ತಿ. ಹಸಿಯಾಗಿ ಅರೆದುಹೋದರೆ ಅದು ಬೇರಿನ ಹಿಟ್ಟು ತಿಗಣೆ. ಮೆಣಸಿನ ಬಳ್ಳಿ ಬೆಳೆಸುವವರಿಗೆ ಇದು ಗೊತ್ತಿರುವ ಕೀಟ. ಶಿಲೀಂಧ್ರದ ಔಷಧಿ ಇದಕ್ಕೆ ನಾಟುವುದಿಲ್ಲ. ಹಳೆ ಮಣ್ಣೆಲ್ಲ ಉದುರಿಸಿ, ಬೇರು ತೊಳೆದು, ಹೊಸ ಮಣ್ಣಿಗೆ ನೆಡಬೇಕು. ಹತ್ತಿರ ಇರುವೆಯ ಗೂಡಿದ್ದರೆ ಕೆಡಿಸಬೇಕು, ಇರುವೆಗಳೇ ಇದನ್ನು ಕುಂಡದಿಂದ ಕುಂಡಕ್ಕೆ ಒಯ್ಯುತ್ತವೆ.

ಹಸಿರು

ಮಣ್ಣಿನ ಮೇಲೆ ನುಣುಪಾಗಿ, ಜಾರುವ ಹಾಗೆ ಹರಡಿದ ಹಸಿರು ಪಾಚಿ. ಬೆಳಕು ಮತ್ತು ನಿಂತ ತೇವದ ಗುರುತು ಅಷ್ಟೇ, ಕೆದಕಿ ಬಿಡಿ.

ಮೊದಲು ಬಿಳಿಯಾಗಿ ಬಂದು ಮೂರ್ನಾಲ್ಕು ದಿನದಲ್ಲಿ ಕಡು ಹಸಿರು ಹುಡಿಯಾಗುವ ಬೂಷ್ಟು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಇರಬಹುದು. ನೀವೇ ಗೊಬ್ಬರಕ್ಕೆ ಟ್ರೈಕೋಡರ್ಮಾ ಸೇರಿಸಿದ್ದರಂತೂ ಅದು ಹಿಡಿದಿದೆ ಎನ್ನುವುದಕ್ಕೆ ಇದೇ ಸಾಕ್ಷಿ. ಅಂಗಡಿಯಿಂದ ದುಡ್ಡು ಕೊಟ್ಟು ತಂದು ಹಾಕಿ, ಹತ್ತು ದಿನದ ಮೇಲೆ "ಹಸಿರು ಬೂಷ್ಟು ಬಂತು" ಎಂದು ಅದನ್ನೇ ಚೆಲ್ಲುವುದು ನಮ್ಮ ಕಡೆ ನಡೆಯುತ್ತಲೇ ಇದೆ, ದಯವಿಟ್ಟು ಚೆಲ್ಲಬೇಡಿ. ಇದು ಬೇರು ಕೊಳೆಸುವ ಶಿಲೀಂಧ್ರಗಳ ವೈರಿ. ಇದರ ಮೇಲೆ ಬೋರ್ಡೋ ದ್ರಾವಣ, ತಾಮ್ರದ ಇನ್ನಾವುದೇ ಔಷಧಿ ಬೀಳಬಾರದು. ಎರಡನ್ನೂ ಬಳಸಬೇಕಾದರೆ ನಡುವೆ ಕನಿಷ್ಠ 15 ದಿನ ಬಿಡಿ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ (ಇದೇ ಬೋರ್ಡೋ) ಹೊಡೆಯುವ ದಿನ ಅಂಗಳದ ಕುಂಡಗಳಿಗೆ ಸೀರಲು ಹಾರದಂತೆ ನೋಡಿಕೊಳ್ಳಿ.

ಕಪ್ಪು, ಬೂದು

ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕೆ ಹೊತ್ತ ಬೂದು ಕೂದಲು ಬ್ರೆಡ್ಡಿಗೆ ಬರುವ ಬೂಷ್ಟಿನ ಜಾತಿ. ಅಡುಗೆಮನೆಯ ಹಸಿ ಕಸ, ಹಣ್ಣಿನ ಸಿಪ್ಪೆ ನೇರ ಕುಂಡಕ್ಕೆ ಬಿದ್ದಿದೆ ಎಂದರ್ಥ. ಕಸ ತೆಗೆಯಿರಿ. ಒಣಗಿದ ಕಪ್ಪು ಹುಡಿ ಹಾರಿದರೆ ಉಬ್ಬಸ ಇರುವವರಿಗೆ ತೊಂದರೆ, ಹಾಗಾಗಿ ನೀರು ಚಿಮುಕಿಸಿಯೇ ಮುಟ್ಟಿ.

ಅಣಬೆ ಎದ್ದಿದೆ, ಹಳದಿ ಲೋಳೆ ಹರಡಿದೆ

ಕುಂಡದಲ್ಲಿ ತಿಳಿ ಹಳದಿ ಬಣ್ಣದ, ಕೊಡೆಯ ಅಂಚು ಗೀರುಗೀರಾಗಿರುವ ಸಣ್ಣ ಅಣಬೆ ಎದ್ದರೆ ಅದು ಹೆಚ್ಚಾಗಿ ಲ್ಯೂಕೋಕೊಪ್ರಿನಸ್ ಬರ್ನ್‌ಬೌಮಿ. ಗಿಡಕ್ಕೆ ಕೆಡುಕಿಲ್ಲ, ತಿಂದವರಿಗೆ ವಿಷ. ಮೇಲಿಂದ ನೋಡಿದರೆ ಯಾರೋ ಹಳದಿ ರವೆ ಚೆಲ್ಲಿದಂತೆ ಕಾಣುವ ಲೋಳೆ ಲೋಳೆ ಮುದ್ದೆ ಅಣಬೆಯೂ ಅಲ್ಲ, ಬೂಷ್ಟೂ ಅಲ್ಲ, ಲೋಳೆ ಜೀವಿ. ದರಗಿನ ಮೇಲಿನ ಬ್ಯಾಕ್ಟೀರಿಯಾ ತಿಂದು, ಎರಡು ಮೂರು ದಿನದಲ್ಲಿ ಕಂದು ಹುಡಿಯಾಗಿ ಒಣಗುತ್ತದೆ. ಹುಡಿಯಾಗುವ ಮೊದಲೇ ಸವಟಿನಿಂದ ಎತ್ತಿ ಹೊರಗೆ ಹಾಕಿ.

ಅಣಬೆಯನ್ನು ಕೊಡೆ ಬಿಚ್ಚುವ ಮುಂಚೆ ಬುಡಸಮೇತ ಕಿತ್ತು ಹೂಳಿ. ಮಳೆ ಬಂದಾಗ ಹುತ್ತದ ಮೇಲಿನ ಅಣಬೆ ತಂದು ಸಾರು ಮಾಡುವ ರೂಢಿ ನಮ್ಮಲ್ಲಿದೆ. ಆ ಪರಿಚಯದ ಧೈರ್ಯದಲ್ಲಿ ಕುಂಡದ ಅಣಬೆಗೆ ಕೈ ಹಾಕಬೇಡಿ. ಮಕ್ಕಳು ಬಾಯಿಗೆ ಹಾಕಿಕೊಂಡಿದ್ದರೆ ವಾಂತಿ ಬರಲಿ ಎಂದು ಕಾಯದೆ, ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿ. ಕೆಲವು ಅಣಬೆಗಳ ವಿಷದ ಲಕ್ಷಣ ಆರು ಗಂಟೆ ಕಳೆದ ಮೇಲೆ ಶುರುವಾಗುತ್ತದೆ, ಹಾಗೆ ತಡವಾಗಿ ಶುರುವಾಗುವುದೇ ಹೆಚ್ಚು ಅಪಾಯದ್ದು.

ಹುಳಿ ನಾತ, ಸಣ್ಣ ಕಪ್ಪು ನೊಣ

ಕುಂಡ ಅಲುಗಾಡಿಸಿದರೆ ಸೊಳ್ಳೆಯಂಥ ಕಪ್ಪು ನೊಣ ಏಳುತ್ತದೆಯೇ? ಅದರ ಮರಿಹುಳು ಬೂಷ್ಟಿನ ನೂಲನ್ನೂ ಎಳೆ ಬೇರನ್ನೂ ತಿನ್ನುತ್ತದೆ. ಅರ್ಧ ಇಂಚು ದಪ್ಪದ ಆಲೂಗಡ್ಡೆ ಬಿಲ್ಲೆಯನ್ನು ಮಣ್ಣಿನ ಮೇಲೆ ಇಟ್ಟು ಮೂರನೆಯ ದಿನ ಎತ್ತಿ ನೋಡಿ. ಅಡಿಯಲ್ಲಿ ಕರಿತಲೆಯ, ಪಾರದರ್ಶಕ ಮೈಯ ಹುಳು ಇದ್ದರೆ ಬಿಲ್ಲೆ ಸಮೇತ ತೆಗೆದು ಬಿಸಿನೀರಿಗೆ ಹಾಕಿ. ಹಾರುವ ನೊಣಗಳಿಗೆ ಹಳದಿ ಅಂಟು ಹಾಳೆ ಸಾಕು. ನಾತವೂ ಇದ್ದರೆ ಈ ಉಪಾಯಗಳಿಂದ ಪ್ರಯೋಜನವಿಲ್ಲ, ಗಿಡ ತೆಗೆದು, ಕೊಳೆತ ಕರಿ ಬೇರು ಕತ್ತರಿಸಿ, ಮರಳು ಹೆಚ್ಚಿರುವ ಹೊಸ ಮಣ್ಣಿಗೆ ನೆಡಿ.

ಸಸಿಗಳು ಬುಡದಲ್ಲಿ ಕುಸಿದು ಬೀಳುತ್ತಿವೆ

ಸಂಜೆ ನೆಟ್ಟಗಿದ್ದ ಮೆಣಸಿನಕಾಯಿ ಅಥವಾ ಬದನೆ ಸಸಿ ಬೆಳಿಗ್ಗೆ ಅಡ್ಡ ಬಿದ್ದಿರುತ್ತದೆ. ಎತ್ತಿ ನೋಡಿದರೆ ಎಲೆ ಇನ್ನೂ ಹಸಿರು, ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಮಾತ್ರ ನೂಲಿನಷ್ಟು ಸಪೂರವಾಗಿ ಕಂದಾಗಿರುತ್ತದೆ. ಇದು ಸಸಿ ಸಾಯುವ ರೋಗ. ಪಿಥಿಯಂ, ರೈಜೊಕ್ಟೋನಿಯಾ ಎಂಬ ರೋಗಾಣುಗಳು ಇದರ ಮುಖ್ಯ ಕಾರಣ. ಮಣ್ಣಿನ ಮೇಲೆ ಏನೂ ಕಾಣದಿದ್ದರೂ ರೋಗ ಇರುತ್ತದೆ, ಒಂದು ಮೂಲೆಯಿಂದ ಶುರುವಾಗಿ ವೃತ್ತದಂತೆ ಹರಡುತ್ತದೆ.

ತಕ್ಷಣ ನೀರು ನಿಲ್ಲಿಸಿ. ಬಿದ್ದವನ್ನೂ ಸುತ್ತಲಿನ ಎರಡು ಇಂಚು ಮಣ್ಣನ್ನೂ ಚಮಚದಿಂದ ಎತ್ತಿ ತೆಗೆಯಿರಿ. ಒತ್ತಾಗಿರುವ ಸಸಿಗಳನ್ನು ಬಿಡಿಸಿ. ಉಳಿದವನ್ನು ಉಳಿಸಲೇಬೇಕೆಂದರೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕರಗಿಸಿ ಬುಡಕ್ಕೆ ಹಾಕಬಹುದು. ಪೊಟ್ಟಣದ ಮೇಲಿನ ಸೂಚನೆ ಓದಿ, ಕೈಗವಸು ಹಾಕಿ. ಹರಿವೆ, ಕೊತ್ತಂಬರಿಯಂಥ ಕಿತ್ತು ತಿನ್ನುವ ಸೊಪ್ಪಿಗೆ ಇದು ಬೇಡ, ಆ ಮಡಿ ಕಿತ್ತು ಹೊಸದಾಗಿ ಬಿತ್ತುವುದೇ ಸರಿ.

ಮುಂದಿನ ಸಲ ಬೀಜದ ತಟ್ಟೆಗೆ ಹಸಿ ಗೊಬ್ಬರ ಹಾಕಬೇಡಿ. ಜರಡಿ ಹಿಡಿದ ಮರಳು ಮತ್ತು ಪೂರ್ತಿ ಕಳಿತ ಎರೆಗೊಬ್ಬರ ಸಮಸಮ ಸಾಕು. ಬಿತ್ತುವ ಮುನ್ನ ಬೀಜಕ್ಕೆ ಒಂದು ಚಿಟಿಕೆ ಟ್ರೈಕೋಡರ್ಮಾ ಹುಡಿ ಹಚ್ಚಿ. ಕಾಳುಮೆಣಸಿನ ಸೊರಗು ರೋಗ ಬಂದ ತೋಟದ ಮಣ್ಣನ್ನು ಕುಂಡಕ್ಕೆ ತರಲೇಬಾರದು. ಆ ರೋಗ ತರುವ ಫೈಟೋಫ್ತೊರಾ ಎಂಬ ರೋಗಾಣು ಮಣ್ಣಿನಲ್ಲೇ ಬರುತ್ತದೆ.

ಬುಡಕ್ಕೆ ಬಿಳಿ ನೂಲು, ಜೊತೆಗೆ ಸಾಸಿವೆಯಂಥ ಕಾಳು

ಬಿಳಿ ಬೂಷ್ಟಿನಲ್ಲಿ ನಿಜಕ್ಕೂ ಹೆದರಬೇಕಾದದ್ದು ಇದೊಂದೇ: ಸ್ಕ್ಲೆರೋಶಿಯಂ ರೋಲ್ಫ್ಸಿ ಎಂಬ ಶಿಲೀಂಧ್ರ. ಮಳೆಗಾಲದ ಡೇರೆ ಹೂವಿನ ಗಿಡ, ಸೇವಂತಿಗೆ, ಮೆಣಸಿನಕಾಯಿ, ಟೊಮೆಟೊ, ವೀಳ್ಯದ ಬಳ್ಳಿ ಇದರ ಇಷ್ಟದವು. ಬಿಳಿ ನೂಲು ಬೀಸಣಿಗೆಯ ಆಕಾರದಲ್ಲಿ ಮಣ್ಣಿನಿಂದ ಕಾಂಡದ ಮೇಲೆ ಹತ್ತುತ್ತದೆ. ಕೆಲ ದಿನಗಳಲ್ಲಿ ಆ ನೂಲಿನ ನಡುವೆ ಮೊದಲು ಬಿಳಿಯಾದ, ಆಮೇಲೆ ಕಂದಾಗುವ, ಸಾಸಿವೆ ಗಾತ್ರದ ಗುಂಡು ಕಾಳುಗಳು ಕಾಣುತ್ತವೆ. ಆ ಹೊತ್ತಿಗೆ ಗಿಡ ಒಂದೇ ಸಮ ಬಾಡಿರುತ್ತದೆ, ನೀರು ಹಾಕಿದರೂ ಚೇತರಿಸುವುದಿಲ್ಲ. ಎರೆಹುಳುವಿನ ಮೊಟ್ಟೆ, ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆ ನೋಡಿ ಮೋಸ ಹೋಗಬೇಡಿ: ಅವು ಮಣ್ಣಿನಲ್ಲಿ ಬಿಡಿಬಿಡಿಯಾಗಿ ಇರುತ್ತವೆ, ರೋಗದ ಕಾಳು ನೂಲಿಗೆ ಅಂಟಿರುತ್ತದೆ.

ಈ ಕಾಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಹಾಗಾಗಿ ಇಲ್ಲಿ ಕೆದಕಬಾರದು. ಗಿಡ, ಮಣ್ಣು ಎರಡನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಗೊಬ್ಬರದ ಗುಂಡಿಗೆ, ಅಡಿಕೆ ತೋಟದ ಅಂಚಿಗೆ, ಕಾಲುವೆಗೆ ಹಾಕಬೇಡಿ. ತೋಟದಿಂದ ದೂರ, ಎರಡು ಅಡಿ ಆಳಕ್ಕೆ ಹೂಳಿ. ಗಾಳಿ ಸಿಗದ ಆಳದಲ್ಲಿ ಇದು ಮೊಳೆಯಲಾರದು. ಕುಂಡ ಉಜ್ಜಿ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎಂದೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ.

ಎಷ್ಟು ಸಲ ತೆಗೆದರೂ ಬರುತ್ತಿದೆ

ಹಾಗಾದರೆ ಮಿಶ್ರಣದಲ್ಲೇ ದೋಷ. ಗೊಬ್ಬರ ಕಳಿತಿದೆಯೇ ಎಂದು ನೋಡಿ: ತೇವದ ಮಿಶ್ರಣವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ನಾತ ಅಥವಾ ಗಂಜಲದ ಘಾಟು ಬಂದರೆ ಇನ್ನೂ ಹಸಿ. ರಾಶಿಯಲ್ಲಿ ಕಬ್ಬಿಣದ ಸಲಾಕೆ ಹತ್ತು ನಿಮಿಷ ಚುಚ್ಚಿಟ್ಟು ತೆಗೆದಾಗ ಬೆಚ್ಚಗಿದ್ದರೂ ಅದೇ ಅರ್ಥ. ಇನ್ನೊಂದು ಪರೀಕ್ಷೆ, ಹತ್ತು ಮೆಂತೆ ಕಾಳನ್ನು ಮಿಶ್ರಣದಲ್ಲಿ, ಹತ್ತನ್ನು ತೊಳೆದ ಮರಳಿನಲ್ಲಿ ಬಿತ್ತಿ. ವಾರದ ಮೇಲೆ ಮರಳಿನಲ್ಲಿ ಚೆನ್ನಾಗಿ ಬಂದು ಮಿಶ್ರಣದಲ್ಲಿ ಸೊರಗಿದರೆ ಒಂದೆರಡು ತಿಂಗಳು ಕಾಯಬೇಕು. ಅಡಿಕೆ ಸಿಪ್ಪೆ ಗಟ್ಟಿ ನಾರು, ಅದಕ್ಕೆ ಇನ್ನೂ ಹೆಚ್ಚು ಕಾಲ ಬೇಕು.

ಆಮೇಲೆ ಪ್ರಮಾಣ. ಕೊಕೊಪೀಟ್ ಅರ್ಧಕ್ಕರ್ಧ ಹಾಕುವ ಅಳತೆ ಒಣ ಊರುಗಳಿಗೆ ಹೊಂದುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆರುವುದೇ ಇಲ್ಲ. ಮಲೆನಾಡಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಸುಟ್ಟ ಉಮಿ ಸರಿಹೊಂದುತ್ತದೆ. ಹತ್ತು ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ, ಅದೂ ಒಳಗೆ ಸೇರಿಸಿ. ಮೇಲೆ ಒಂದು ಲೀಟರ್ ನೀರು ಸುರಿದರೆ ಒಂದೆರಡು ನಿಮಿಷದಲ್ಲಿ ತಳದಿಂದ ಹೊರಬರಬೇಕು.

ಟ್ರೈಕೋಡರ್ಮಾ ಹಿಡಿಸುವುದು ಹೀಗೆ: 10 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, 1 ಕೆಜಿ ಬೇವಿನ ಹಿಂಡಿ, 100 ಗ್ರಾಂ ಟ್ರೈಕೋಡರ್ಮಾ ಹುಡಿ ಕಲಸಿ, ಹಿಂಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿಚೀಲ ಮುಚ್ಚಿ 15 ದಿನ ಇಡಿ. ನಡುವೆ ಒಮ್ಮೆ ಮಗುಚಿ.

ರೋಗ ಬಂದ ಹಳೆ ಮಣ್ಣನ್ನು ಮತ್ತೆ ಬಳಸಲೇಬೇಕಿದ್ದರೆ ಬಿಸಿಲಿನ ಚಿಕಿತ್ಸೆ ಅಗ್ಗ, ಆದರೆ ಅದಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲೇ ಬೇಕು. ಮಣ್ಣು ತೇವ ಮಾಡಿ, ಆರು ಇಂಚು ದಪ್ಪಕ್ಕೆ ಹರಡಿ, ಪಾರದರ್ಶಕ ಪಾಲಿಥಿನ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಕೊಟ್ಟು ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಇಷ್ಟು ಕಾಯಿಸುವುದಿಲ್ಲ. ಒಣ ಮಣ್ಣಿಗೆ ಮಾಡಿದರೆ ಶಿಲೀಂಧ್ರ ಸಾಯುವುದಿಲ್ಲ.

ಮಳೆಗಾಲದಲ್ಲಿ ಉಳಿದದ್ದು ಹಬೆ. ಅಡುಗೆಗೆ ಬಳಸದ ಹಳೆ ಪಾತ್ರೆಯಲ್ಲಿ ಎರಡು ಇಂಚು ನೀರಿಟ್ಟು, ಮೇಲೆ ಸ್ಟ್ಯಾಂಡ್, ಅದರ ಮೇಲೆ ತೇವದ ಮಣ್ಣಿನ ಬಟ್ಟೆ ಗಂಟು, ನಡುವೆ ಒಂದು ಸಣ್ಣ ಆಲೂಗಡ್ಡೆ. ಹೊರಗಿನ ಒಲೆಯಲ್ಲೇ ಮಾಡಿ. ಆಲೂಗಡ್ಡೆ ಬೆಂದರೆ ಇಳಿಸಿ. ಮಣ್ಣಿನ ನಡುವೆ 60ರಿಂದ 70 ಡಿಗ್ರಿ ಸೆಲ್ಸಿಯಸ್ ಅರ್ಧ ಗಂಟೆ ಇದ್ದರೆ ಸಾಕು. ಅತಿಯಾಗಿ ಬೇಯಿಸಿದರೆ ನಮ್ಮ ಹುಳಿ ಕೆಂಪು ಮಣ್ಣಿನಿಂದ ಮ್ಯಾಂಗನೀಸ್ ಹೆಚ್ಚಾಗಿ ಬಿಡುಗಡೆಯಾಗಿ ಸಸಿಗೆ ವಿಷವಾಗುತ್ತದೆ. ಪ್ರೆಷರ್ ಕುಕ್ಕರ್ ಬೇಡ. ಬೇಯಿಸಿದ ಮಣ್ಣನ್ನು ಬರಿದೇ ಬಿಟ್ಟರೆ ಗುಲಾಬಿ, ಕಿತ್ತಳೆ ಬಣ್ಣದ ಬೂಷ್ಟು ಮೊದಲು ಬಂದು ಕೂರುತ್ತದೆ, ಆದ್ದರಿಂದ ತಣ್ಣಗಾದ ಕೂಡಲೇ ಟ್ರೈಕೋಡರ್ಮಾ ಗೊಬ್ಬರ ಸೇರಿಸಿ.

ಮೈ ಕಾಪಾಡಿಕೊಳ್ಳುವುದು

ಒಣ ಮಣ್ಣು, ಒಣ ಬೂಷ್ಟು ಕೆದಕುವಾಗ ಮಾಸ್ಕ್ ಬೇಕು. ಉಬ್ಬಸ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಕಿಮೊಥೆರಪಿ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ. ಮಣ್ಣು ಕಲಸಿದ ಮೇಲೆ ಕೆಮ್ಮು, ಜ್ವರ, ಉಸಿರಾಟದ ತೊಂದರೆ ಬಂದರೆ ವೈದ್ಯರಿಗೆ ಮಣ್ಣಿನ ಕೆಲಸ ಮಾಡಿದ್ದನ್ನು ಹೇಳಬೇಕು. ಗೊಬ್ಬರದ ರಾಶಿಗೆ ಇಲಿ ಬರುತ್ತದೆ, ಇಲಿ ಜ್ವರ ಹಸಿ ಗಾಯದಿಂದ ಹತ್ತುತ್ತದೆ. ಬರಿಗೈ, ಬರಿಗಾಲು ಬೇಡ.

ದರಗಿನ ಬಗ್ಗೆ ಇನ್ನೊಂದು ಮಾತು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳ ಕಾಟ ಹೆಚ್ಚಿರುವ ಡಿಸೆಂಬರ್‌ನಿಂದ ಮೇವರೆಗಿನ ತಿಂಗಳುಗಳಲ್ಲೇ ನಾವು ಬೆಟ್ಟದಿಂದ ದರಗು ಗುಡಿಸಿ ತರುತ್ತೇವೆ. ಮಂಗ ಸತ್ತ ಸುದ್ದಿ ಇರುವ ಕಡೆಯಿಂದ ದರಗು ತರಬೇಡಿ. ಬೇರೆ ಕಡೆಯಿಂದ ತರುವಾಗಲೂ ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ.

ಯಾವಾಗ ತೋರಿಸಬೇಕು

ಸಾಸಿವೆ ಕಾಳಿನ ರೋಗ ಎರಡನೆಯ ಕುಂಡಕ್ಕೆ ಹಬ್ಬಿದರೆ, ಮಣ್ಣು ಬದಲಿಸಿದ ಮೇಲೂ ಸಸಿ ಸಾಯುತ್ತಿದ್ದರೆ, ಅಥವಾ ಅದೇ ಮಣ್ಣನ್ನು ಅಡಿಕೆ, ಕಾಳುಮೆಣಸಿನ ನರ್ಸರಿ ಚೀಲಗಳಿಗೆ ತುಂಬಿದ್ದರೆ ಮನೆಮದ್ದು ನಿಲ್ಲಿಸಿ. ಶಿವಮೊಗ್ಗದ ನವುಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಕೇಳಬಹುದು. ಪೂರ್ತಿ ಸತ್ತ ಗಿಡ ಒಯ್ದರೆ ಅದರ ಮೇಲೆ ಆಮೇಲೆ ಬೆಳೆದ ಬೂಷ್ಟೇ ಸಿಗುತ್ತದೆ. ಈಗಷ್ಟೇ ಬಾಡಲು ಶುರುವಾದ ಗಿಡವನ್ನು ಬೇರು, ಸುತ್ತಲಿನ ಮಣ್ಣು ಸಮೇತ ಎತ್ತಿ, ತೊಳೆಯದೆ, ಒಣ ಪೇಪರಿನಲ್ಲಿ ಸುತ್ತಿ ಅದೇ ದಿನ ಕೊಡಿ. ಮಿಶ್ರಣಕ್ಕೆ ಏನೇನು ಎಷ್ಟೆಷ್ಟು ಹಾಕಿದ್ದಿರಿ, ಯಾವ ಔಷಧಿ ಯಾವತ್ತು ಕೊಟ್ಟಿರಿ ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ.